ಸಿಡಿಲು ಮಳೆಯಲ್ಲಿ ಫೋನ್ ಆಫ್ ಮಾಡಬೇಡಿ

ಕೇಳುಗರಿಗೆಲ್ಲ ನಮಸ್ಕಾರ.

ಹೋದ ವರ್ಷ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ತುಮಕೂರು ಜಿಲ್ಲೆಯ ಶಿರಾ ಹತ್ತಿರ ನಮ್ಮೂರು. ಬಿಸಿಲು ಚುರುಗುಟ್ಟುತ್ತಿತ್ತು. ಸುತ್ತಮುತ್ತ ಸಿಡಿಲು ಬೀಳಬಹುದು ಅಂತ ನನ್ನ ಫೋನಿನ ದಾಮಿನಿ ಆ್ಯಪ್ ಎಚ್ಚರಿಸಿತು. ಚಿಕ್ಕಪ್ಪ ಬೆಳಿಗ್ಗೆನೇ ಕುರಿ ಹೊಡ್ಕೊಂಡು ಹೋಗಿದ್ದರು. ಫೋನ್ ಮಾಡಿದೆ. ಸ್ವಿಚ್ ಆಫ್. ಮತ್ತೆ ಮಾಡಿದೆ. ಆಗಲೂ ಸ್ವಿಚ್ ಆಫ್.

ಸಂಜೆ ತೊಯ್ದು ತೊಪ್ಪೆಯಾಗಿ ಬಂದರು. ಕಂಬಳಿ ಕೊಪ್ಪೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮಳೆ ನಿಲ್ಲುವ ತನಕ ಹುಣಸೆ ಮರದ ಕೆಳಗೆ ನಿಂತಿದ್ದರಂತೆ.

"ಫೋನ್ ಯಾಕೆ ಆಫ್ ಮಾಡಿದ್ರಿ ಚಿಕ್ಕಪ್ಪಾ?"

"ದೂರದಲ್ಲಿ ಮಿಂಚಿತು, ಆಫ್ ಮಾಡಿದೆ. ಆನ್ ಇದ್ರೆ ಸಿಡಿಲು ಎಳ್ಕೊಳ್ಳುತ್ತೆ ಕಣಪ್ಪಾ."

ಅವತ್ತು ಸಿಡಿಲು ಬಿದ್ದದ್ದು ಪಕ್ಕದ ತೋಟದ ತೆಂಗಿನ ಮರಕ್ಕೆ. ಮಾರನೇ ದಿನ ನೋಡಿದರೆ ಅದರ ಸುಳಿ ಸುಟ್ಟು ಕರಕಲಾಗಿತ್ತು.

ನಮ್ಮ ಕಡೆ ಈ ನಂಬಿಕೆ ಜಾಸ್ತಿ. ಆದರೆ ಜೇಬಿನಲ್ಲಿರುವ ಮೊಬೈಲು ಸಿಡಿಲನ್ನು ಎಳೆಯುವುದಿಲ್ಲ. ಚಾರ್ಜಿಗೆ ಹಾಕಿಕೊಂಡು ಮಾತಾಡುವುದು ಅಪಾಯ, ಯಾಕೆಂದರೆ ಸಿಡಿಲಿನ ಕರೆಂಟು ವೈರಿನಲ್ಲಿ ಹರಿದು ಬರಬಹುದು. ಬಯಲಲ್ಲಿ ನಿಜವಾಗಿ ಹೆದರಬೇಕಾದ್ದು ಒಂಟಿ ಮರಕ್ಕೆ. ಮಳೆ ಬಂತೆಂದರೆ ನಾವು ಓಡುವುದು ಅದರ ಕೆಳಗೇ ಅಲ್ವಾ?

ದಾಮಿನಿ ಮಾಡಿದ್ದು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ. ಮಿಂಚಿದಾಗ ಹೊಮ್ಮುವ ರೇಡಿಯೋ ಅಲೆಗಳನ್ನು ದೇಶದ ಹಲವು ಕಡೆ ಇಟ್ಟಿರುವ ಸೆನ್ಸರ್‌ಗಳು ಹಿಡಿಯುತ್ತವೆ. ನೀವಿರುವ ಜಾಗದ ಸುತ್ತ 20ರಿಂದ 40 ಕಿಲೋಮೀಟರ್ ಒಳಗಿನ ಸಿಡಿಲಿನ ಬಗ್ಗೆ ಆ್ಯಪ್ ಹೇಳುತ್ತದೆ. ಆದರೆ ಅದು ಇರುವುದು ಮನೆಯಲ್ಲಿ ಕೂತವರ ಫೋನಿನಲ್ಲಿ. ಹೊಲದಲ್ಲಿರುವವರ ಕೈಯಲ್ಲಿ ಕೀಪ್ಯಾಡ್ ಫೋನು. ಆದ್ದರಿಂದ ಎಚ್ಚರಿಕೆ ಬಂದ ತಕ್ಷಣ ಸುಮ್ನೆ ಕೂರಬೇಡಿ. ಕುರಿ ಕಾಯುವವರಿಗೆ, ಕಳೆ ಕೀಳಲು ಹೋದವರಿಗೆ ಒಂದು ಕರೆ ಮಾಡಿ.

ಆ್ಯಪ್ ಇಲ್ಲದಿದ್ದರೆ ಎಣಿಸಿ. ಮಿಂಚಿದ ಮೇಲೆ 30 ಎಣಿಸುವಷ್ಟರಲ್ಲಿ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರ್ ಒಳಗೇ ಇದೆ. ಗಟ್ಟಿ ಕಟ್ಟಡದ ಒಳಗೆ ಹೋಗಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವ ತನಕ ಹೊರಗೆ ಬರಬೇಡಿ.

ಇನ್ನೊಂದು ಮಾತು. ಸಿಡಿಲು ಬಡಿದವರ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ. ಮುಟ್ಟಲು ಹೆದರಬೇಡಿ. ಉಸಿರು ನಿಂತಿದ್ದರೆ ಎದೆಯ ಮಧ್ಯೆ ಜೋರಾಗಿ, ಬೇಗ ಬೇಗ ಒತ್ತುತ್ತಿರಿ. ಇನ್ನೊಬ್ಬರು 108ಕ್ಕೆ ಅಥವಾ 112ಕ್ಕೆ ಕರೆ ಮಾಡಲಿ.

ಮೊನ್ನೆ ಮತ್ತೆ ದಾಮಿನಿ ಎಚ್ಚರಿಸಿತು. ಚಿಕ್ಕಪ್ಪ ಎರಡನೇ ರಿಂಗಿಗೇ ಎತ್ತಿದರು. ಹಿಂದೆ ಕುರಿಗಳ ಗಲಾಟೆ. "ನೀನು ಹೇಳೋ ಮುಂಚೆನೇ ಬಂದ್ಬಿಟ್ಟೆ ಕಣಪ್ಪಾ. ಕುರಿನೂ ನಾನೂ ಹಳೇ ಶಾಲೆ ಒಳಗಿದ್ದೀವಿ" ಅಂದರು.