ಹಳೇಬೀಡನ್ನು ಒಂದು ಗಂಟೆಯಲ್ಲಿ ಮುಗಿಸಿದವರಿಗೆ

ನಮಸ್ಕಾರ. ದಸರಾ ರಜೆಗೆ ನನ್ನ ಚಿಕ್ಕಮ್ಮನ ಮಗ ಬೆಂಗಳೂರಿನಿಂದ ಸಂಸಾರ ಸಮೇತ ನಮ್ಮ ಹಾಸನದ ಕಡೆಗೆ ಬಂದಿದ್ದ. ಬೆಳಿಗ್ಗೆ ಬೇಲೂರು, ಮಧ್ಯಾಹ್ನ ಹಳೇಬೀಡು, ಸಂಜೆಗೆ ಚಿಕ್ಕಮಗಳೂರಿನ ಹೋಮ್‌ಸ್ಟೇ. ರಾತ್ರಿ ಫೋನ್ ಮಾಡಿ, ‘ಹಳೇಬೀಡು ಒಂದೇ ಗಂಟೆಯಲ್ಲಿ ಮುಗಿಯಿತಣ್ಣ’ ಎಂದ. ಮುಗಿದುಹೋಗಲು ಅದೇನು ಎಲೆಯ ಮೇಲಿನ ಪಾಯಸವೇ?

ಅವನು ನೋಡಿದ್ದು ಹೊಯ್ಸಳೇಶ್ವರ ದೇವಾಲಯವನ್ನು. 2023ರಲ್ಲಿ ಈ ಊರಿನಿಂದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದೂ ಅದೇ. ಬೇಡವೆನ್ನುವುದಿಲ್ಲ, ಆ ಗೋಡೆಗಳ ಮುಂದೆ ನಾನೂ ಬಾಯಿ ಮುಚ್ಚಿಕೊಂಡೇ ನಿಲ್ಲುತ್ತೇನೆ. ಆದರೆ ಊರಿನ ಹೆಸರನ್ನು ಬಿಡಿಸಿ ಓದಿ: ಹಳೆಯ ಬೀಡು. ಬೀಡೆಂದರೆ ಗುಡಿಯಲ್ಲ, ರಾಜ ನೆಲೆಸಿದ ಜಾಗ. ಹೊಯ್ಸಳರು ‘ಸುಖಸಂಕಥಾವಿನೋದದಿಂ’ ರಾಜ್ಯವಾಳುತ್ತಿದ್ದರೆಂದು ಶಾಸನಗಳು ಬಣ್ಣಿಸುವ ರಾಜಧಾನಿ ದೋರಸಮುದ್ರ ಇದು. 1311ರಲ್ಲಿ ದೆಹಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫೂರ್ ದಂಡೆತ್ತಿ ಬಂದ. ಮುಂದೆ ರಾಜಧಾನಿಯೂ ಹೋಯಿತು, ಹೆಸರಿಗೆ ‘ಹಳೆ’ ಅಂಟಿಕೊಂಡಿತು. ಇಷ್ಟು ದೊಡ್ಡ ಊರನ್ನು ಒಂದು ದೇವಸ್ಥಾನದ ಪಾರ್ಕಿಂಗಿಗೆ ಇಳಿಸಿಬಿಟ್ಟಿದ್ದೇವೆ ಎನ್ನುವುದು ನನ್ನ ತಕರಾರು.

ನಾನು ಹೋದರೆ ಹಾಸನದಿಂದ ಬೆಳಗಿನ ಬಸ್ಸಿಗೇ ಹೋಗುತ್ತೇನೆ. ಇಳಿದವನು ಮೊದಲು ದೊಡ್ಡ ಗುಡಿಗೆ ಬೆನ್ನು ಹಾಕಿ ಬಸ್ತಿಹಳ್ಳಿಯ ಕಡೆ ನಡೆಯುತ್ತೇನೆ. ಹತ್ತು ಹದಿನೈದು ನಿಮಿಷದ ದಾರಿ. ಅಲ್ಲಿ ಮೂರು ಜಿನಾಲಯಗಳಿವೆ. ಪಾರ್ಶ್ವನಾಥ ಬಸದಿಯ ಕಂಬಗಳನ್ನು ಎಷ್ಟು ನುಣ್ಣಗೆ ಉಜ್ಜಿದ್ದಾರೆಂದರೆ ಹತ್ತಿರ ಹೋದರೆ ನಿಮ್ಮ ಮುಖವೇ ಎದುರಾಗುತ್ತದೆ. ಅದನ್ನು ಕಟ್ಟಿಸಿದ್ದು 1133ರಲ್ಲಿ, ದಂಡನಾಯಕ ಗಂಗರಾಜನ ಮಗ ಬೊಪ್ಪ, ತೀರಿಹೋದ ತಂದೆಯ ನೆನಪಿಗೆ. ಪ್ರತಿಷ್ಠೆಯ ಪ್ರಸಾದವನ್ನು ಬಂಕಾಪುರದಲ್ಲಿದ್ದ ಹೊಯ್ಸಳ ದೊರೆ ವಿಷ್ಣುವರ್ಧನನಿಗೆ ಕೊಂಡೊಯ್ದಾಗ ಅವನು ಆಗಷ್ಟೇ ಯುದ್ಧ ಗೆದ್ದಿದ್ದನಂತೆ, ಮಗ ಹುಟ್ಟಿದ್ದನಂತೆ. ಆ ಸಂತೋಷದಲ್ಲಿ ದೇವರಿಗೆ ವಿಜಯಪಾರ್ಶ್ವ, ಮಗುವಿಗೆ ವಿಜಯನರಸಿಂಹ ಎಂದು ಹೆಸರಿಟ್ಟ. ನಾನು ಕಟ್ಟಿದ ಕಥೆಯಲ್ಲ, ಶಾಸನದಲ್ಲೇ ಇದೆ. ಒಂದೇ ಪ್ರಸಾದದ ತಟ್ಟೆಯಿಂದ ಎರಡು ನಾಮಕರಣ!

ಇನ್ನೂ ಸ್ವಲ್ಪ ನಡೆದರೆ ಕೇದಾರೇಶ್ವರ. ಅಲ್ಲಿ ಜನ ಕಡಿಮೆ, ಹುಲ್ಲು ಹೆಚ್ಚು, ಕುಳಿತು ಬುತ್ತಿ ಬಿಚ್ಚುವ ಹಾಗೆ ಹೊರಗೆ ಮರದ ನೆರಳು. ಕಾಲಲ್ಲಿ ಕಸುವಿದ್ದರೆ ಹುಲಿಕೆರೆಯ ಕಲ್ಯಾಣಿಗೂ ಹೋಗಿ. ಮೆಟ್ಟಿಲುಗಳ ನಡುನಡುವೆ ಗೂಡುಗಳಂತೆ ಪುಟ್ಟ ಪುಟ್ಟ ಗುಡಿಗಳು. ಅರಮನೆ ಇದ್ದದ್ದು ಬೆಣ್ಣೆಗುಡ್ಡದ ಬಳಿ. ಈಗ ಅಲ್ಲಿ ಅರಮನೆಯನ್ನು ಹುಡುಕಿದರೆ ನಿರಾಶೆ ಖಂಡಿತ.

ಬಿಸಿಲಿಗೆ ಸುಸ್ತಾಗುತ್ತದೆ, ಮಳೆಗೆ ಕಲ್ಲು ಜಾರುತ್ತದೆ, ಚಿಕ್ಕ ಮಕ್ಕಳಿದ್ದರೆ ಅರ್ಧ ದಾರಿಯಲ್ಲೇ ರಾಗ ತೆಗೆಯುತ್ತಾರೆ. ಒಪ್ಪಿದೆ. ಹಾಗಿದ್ದರೆ ಬೇಲೂರನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ. ಒಂಬೈನೂರು ವರ್ಷ ಕಾದ ಚೆನ್ನಕೇಶವ ಮುಂದಿನ ರಜೆಯವರೆಗೆ ಎಲ್ಲಿಗೂ ಹೋಗುವುದಿಲ್ಲ.

ಹೊಯ್ಸಳೇಶ್ವರಕ್ಕೆ ನಾನು ಬರುವುದು ಇಳಿಹೊತ್ತಿಗೆ. ಒಮ್ಮೆ ಒಬ್ಬ ಗೈಡ್ ಗೋಡೆಯ ಮೇಲಿನ ಯಾವುದೋ ಆಯುಧ ತೋರಿಸಿ ‘ಇದು ರಾಕೆಟ್’ ಎಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ರಾಕೆಟ್ಟಿನ ಗದ್ದಲದಲ್ಲಿ ಯಾರೂ ಕೇಳದೆ ಉಳಿದದ್ದು ದೇವಾಲಯದ ದಕ್ಷಿಣಕ್ಕಿರುವ ಒಂದು ಕಂಬದ ಸಂಗತಿ. ಅದು ಕುವರ ಲಕ್ಷ್ಮನದು. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಮೈಗಾವಲಿನ ಗರುಡ ಅವನು, ಒಡೆಯ ಸತ್ತರೆ ತಾನೂ ಉಳಿಯೆನೆಂದು ಮಾತು ಕೊಟ್ಟವನು. ನಮ್ಮ ಹಳೆಯ ಭಾಷೆಯಲ್ಲಿ ಆ ಮಾತಿಗೆ ವೇಳೆವಾಳಿ ಎಂಬ ಹೆಸರೇ ಇದೆ. 1220ರಲ್ಲಿ ಬಲ್ಲಾಳ ತೀರಿಕೊಂಡ. ಲಕ್ಷ್ಮ ಮಾತು ಉಳಿಸಿಕೊಂಡ. ಹೆಂಡತಿ ಸುಗ್ಗಲದೇವಿಯೂ ಅವನ ಕಡೆಯ ವೀರರೂ ಜೊತೆಗೆ ಹೋದರು. ಕಂಬದ ಮೇಲೆ ಕತ್ತಿ ಹಿಡಿದು ತಮ್ಮ ತಲೆಯನ್ನು ತಾವೇ ಕೊಯ್ದುಕೊಳ್ಳುವ ಆಳುಗಳ ಸಾಲಿದೆ. ಅದನ್ನು ಸ್ವಾಮಿನಿಷ್ಠೆ ಎಂದು ಕೊಂಡಾಡಲು ನನಗೆ ನಾಲಿಗೆ ಹೊರಳುವುದಿಲ್ಲ. ಆ ಹೆಂಡತಿಯನ್ನು ಯಾರಾದರೂ ಕೇಳಿದ್ದರೇ ಎಂದು ಪ್ರತಿಸಲವೂ ಅನ್ನಿಸುತ್ತದೆ. ಆದರೂ ಪ್ರತಿಸಲವೂ ಅಲ್ಲೇ ನಿಲ್ಲುತ್ತೇನೆ.

ಇದನ್ನೆಲ್ಲ ಅವತ್ತು ರಾತ್ರಿ ತಮ್ಮನಿಗೆ ಫೋನಿನಲ್ಲೇ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಹೆಂಡತಿಯನ್ನು ಕೇಳಿದ್ದು ಕಿವಿಗೆ ಬಿತ್ತು: ‘ಏ, ನಾವು ಮಗುವಿಗೆ ಬಿಸ್ಕತ್ತು ತಿನ್ನಿಸುತ್ತಾ ನಿಂತಿದ್ದು ಯಾವ ಕಂಬದ ಹತ್ತಿರ?’