ಆ್ಯಡ್ ಬ್ಲಾಕರ್ ಬೇಕಾ? ಹಾಗಾದ್ರೆ ಬ್ರೌಸರ್ ಬದಲಿಸಿ

(ಪರದೆ: ಒಂದೇ ಪುಟದಲ್ಲಿ ಮೂರು ಹಸಿರು ‘ಡೌನ್‌ಲೋಡ್’ ಬಟನ್)

ನಮಸ್ಕಾರ್ರಿ. ವಿಜಯಪುರದಿಂದ ಮಾತಾಡ್ತಿದ್ದೇನೆ.

ಈ ಮೂರರಲ್ಲಿ ನಿಜವಾದ ಬಟನ್ ಯಾವುದು? ತಿಕೋಟಾದಲ್ಲಿ ದ್ರಾಕ್ಷಿ ಬೆಳೆಯುವ ನಮ್ಮ ಕಾಕಾ ಎಲ್ಲಕ್ಕಿಂತ ದೊಡ್ಡದನ್ನು ಒತ್ತಿದರು. ಅದು ಜಾಹೀರಾತು. ಮುಂದೆ ‘ಅಲೋ’ (ಅನುಮತಿ ಕೊಡಿ) ಅಂತ ಬಂದಿದ್ದನ್ನೂ ಒತ್ತಿದರು. ಅಂದಿನಿಂದ ಪರದೆಯ ಮೂಲೆಯಲ್ಲಿ ‘ವೈರಸ್ ಬಂದಿದೆ’ ಅನ್ನೋ ಸುಳ್ಳು ನೋಟಿಫಿಕೇಶನ್. "ತಮ್ಮಾ, ನಂದೇನ್ ತಪ್ಪಾತೋ?" ಅಂತ ಫೋನ್ ಮಾಡಿದರು. ಅವರದೇನೂ ತಪ್ಪಿಲ್ಲ. ಅವರ ಕ್ರೋಮ್ ಬ್ರೌಸರ್‌ಗೆ ನಾನು ಹಾಕಿಕೊಟ್ಟಿದ್ದ ಆ್ಯಡ್ ಬ್ಲಾಕರ್, ಅಂದ್ರೆ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್, ಆಫ್ ಆಗಿತ್ತು, ಅಷ್ಟೇ.

ಯಾಕೆ ಆಫ್ ಆಯ್ತು?

(ಪರದೆ: ಒಣದ್ರಾಕ್ಷಿ ಶೆಡ್‌ನಲ್ಲಿ ಕಡ್ಡಿ ಆರಿಸುತ್ತಿರುವ ಕೈಗಳು)

ಒಣದ್ರಾಕ್ಷಿ ಆರಿಸುವವರು ಪ್ರತಿ ಹಣ್ಣನ್ನೂ ನೋಡಿ ಕಡ್ಡಿ, ಕೆಟ್ಟದ್ದು ತೆಗೀತಾರೆ ಅಲ್ವಾ? ಯುಬ್ಲಾಕ್ ಒರಿಜಿನ್ ಹಾಗೇ ಕೆಲಸ ಮಾಡುತ್ತದೆ. ಪುಟ ಏನೇನು ತರಿಸಿಕೊಳ್ಳುತ್ತದೋ ಒಂದೊಂದನ್ನೂ ನೋಡಿ, ಬೇಡದ್ದನ್ನು ಬಾಗಿಲಲ್ಲೇ ತಡೆಯುತ್ತದೆ. ಗೂಗಲ್ ತನ್ನ ಕ್ರೋಮ್‌ಗೆ ತಂದ ಹೊಸ ನಿಯಮದ ಹೆಸರು ಮ್ಯಾನಿಫೆಸ್ಟ್ ವಿ3. ಇದರಲ್ಲಿ ಎಕ್ಸ್‌ಟೆನ್ಶನ್ (ಬ್ಲಾಕರ್‌ನಂತೆ ಬ್ರೌಸರ್‌ಗೆ ಸೇರಿಸುವ ಸಣ್ಣ ಪ್ರೋಗ್ರಾಂ) ಏನೇನು ತಡೆಯಬೇಕು ಅಂತ ಮೊದಲೇ ಪಟ್ಟಿ ಬರೆದು ಕೊಡಬೇಕು, ಆರಿಸುವ ಕೆಲಸ ಬ್ರೌಸರ್‌ದು. ಪಟ್ಟಿಗೂ ಮಿತಿ ಇದೆ. ಹಳೆಯ ನಮೂನೆಯ ಎಕ್ಸ್‌ಟೆನ್ಶನ್‌ಗಳನ್ನು 2024ರಲ್ಲಿ ಆಫ್ ಮಾಡಲು ಶುರು ಮಾಡಿ, 2025ರಲ್ಲಿ ಪೂರ್ತಿ ನಿಲ್ಲಿಸಿದರು.

ಸುರಕ್ಷತೆ, ವೇಗಕ್ಕಾಗಿ ಹೀಗೆ ಮಾಡಿದ್ದೇವೆ ಅಂತ ಗೂಗಲ್ ಹೇಳುತ್ತದೆ. ಆದರೆ ಗೂಗಲ್‌ನ ಆದಾಯದಲ್ಲಿ ಹೆಚ್ಚಿನ ಪಾಲು ಜಾಹೀರಾತಿನದು. ನನಗಂತೂ ಈ ಬದಲಾವಣೆ ಒಪ್ಪಿಗೆಯಿಲ್ಲ.

ಕ್ರೋಮ್‌ನಲ್ಲೇ ಇರುತ್ತೇವೆ ಅನ್ನುವವರಿಗೆ ಹೊಸ ನಿಯಮಕ್ಕೆ ಹೊಂದುವ ಯುಬ್ಲಾಕ್ ಒರಿಜಿನ್ ಲೈಟ್ ಇದೆ. ಏನೂ ಇಲ್ಲದಿರೋದಕ್ಕಿಂತ ಎಷ್ಟೋ ವಾಸಿ. ಬ್ರೇವ್ ಅನ್ನೋ ಬೇರೆ ಬ್ರೌಸರ್‌ನಲ್ಲಿ ಬ್ಲಾಕರ್ ಒಳಗೇ ಬರುತ್ತದೆ. ನಾನು ಕಾಕಾಗೆ ಹಾಕಿದ್ದು ಫೈರ್‌ಫಾಕ್ಸ್ ಬ್ರೌಸರ್. ಅಲ್ಲಿ ಯುಬ್ಲಾಕ್ ಒರಿಜಿನ್ ಈಗಲೂ ಪೂರ್ತಿ ಬಲದಲ್ಲಿ ನಡೆಯುತ್ತದೆ.

(ಪರದೆ: ಫೈರ್‌ಫಾಕ್ಸ್ ಸೆಟ್ಟಿಂಗ್ಸ್)

ಬುಕ್‌ಮಾರ್ಕ್ ಎಲ್ಲಾ ಹೋಗುತ್ತೆ ಅಂತ ಹೆದರಬೇಡಿ. ಮೂರು ಗೆರೆಯ ಮೆನು, ಸೆಟ್ಟಿಂಗ್ಸ್, ಅಲ್ಲಿ ‘ಇಂಪೋರ್ಟ್ ಡೇಟಾ’ ಒತ್ತಿ. ಪಾಸ್‌ವರ್ಡ್ ಬರದಿದ್ದರೆ ಕ್ರೋಮ್‌ನಿಂದ ಸಿಎಸ್‌ವಿ ಫೈಲ್ ಆಗಿ ತೆಗೆದುಕೊಂಡು ಇಲ್ಲಿ ಸೇರಿಸಿ. ಆ ಫೈಲ್‌ನಲ್ಲಿ ಪಾಸ್‌ವರ್ಡ್‌ಗಳು ಯಾರು ಬೇಕಾದರೂ ಓದುವ ಹಾಗಿರುತ್ತವೆ. ಕೆಲಸ ಮುಗಿದ ತಕ್ಷಣ ಡಿಲೀಟ್ ಮಾಡಿ, ರೀಸೈಕಲ್ ಬಿನ್‌ನಿಂದಲೂ ತೆಗೆಯಿರಿ. ಸೈಬರ್ ಸೆಂಟರ್‌ನಲ್ಲಿ ಕೂತು ಇದನ್ನು ದಯವಿಟ್ಟು ಮಾಡಬೇಡಿ.

ಈಗ ಬ್ಲಾಕರ್. ಸರ್ಚ್‌ನಲ್ಲಿ ಮೊದಲು ಸಿಕ್ಕಿದ್ದನ್ನು ಇಳಿಸಬೇಡಿ. ಫೈರ್‌ಫಾಕ್ಸ್‌ನ ಆ್ಯಡ್-ಆನ್ಸ್ ಪುಟದಲ್ಲೇ ಹುಡುಕಿ. ಹೆಸರಿನಲ್ಲಿ ‘ಒರಿಜಿನ್’ ಇರಬೇಕು, ಮಾಡಿದವರು ರೇಮಂಡ್ ಹಿಲ್ ಅಂತಿರಬೇಕು. ಬರೀ ‘ಯುಬ್ಲಾಕ್’ ಅನ್ನೋದು ಬೇರೆ. ಹಾಕಿದರೆ ಸಾಕು, ಸೆಟ್ಟಿಂಗ್ ಏನೂ ಮುಟ್ಟಬೇಕಿಲ್ಲ. ನೀವು ದಿನಾ ಓದುವ ಸಣ್ಣ ಸುದ್ದಿ ತಾಣ ಜಾಹೀರಾತಿನ ಮೇಲೇ ಬದುಕಿದ್ದರೆ, ಅಲ್ಲಿ ಐಕಾನ್ ಒತ್ತಿ ಪವರ್ ಬಟನ್ ಆಫ್ ಮಾಡಿ. ಆ ಒಂದು ತಾಣಕ್ಕೆ ಮಾತ್ರ ಬಿಟ್ಟಂತಾಗುತ್ತದೆ.

ಆದರೆ ಕಾಕಾ ಆಗಲೇ ಅನುಮತಿ ಕೊಟ್ಟಿದ್ದ ನೋಟಿಫಿಕೇಶನ್ ಹೊಸ ಬ್ರೌಸರ್ ಹಾಕಿದ ಮಾತ್ರಕ್ಕೆ ನಿಲ್ಲಲ್ಲ. ಹಳೆ ಬ್ರೌಸರ್‌ನ ಸೈಟ್ ಸೆಟ್ಟಿಂಗ್ಸ್‌ಗೆ ಹೋಗಿ, ನೋಟಿಫಿಕೇಶನ್ ಪಟ್ಟಿಯಿಂದ ಆ ತಾಣವನ್ನು ತೆಗೆದೆವು. ಆಮೇಲೆ ನಿಂತಿತು.

ಆಂಡ್ರಾಯ್ಡ್ ಫೋನ್‌ನ ಫೈರ್‌ಫಾಕ್ಸ್‌ನಲ್ಲೂ ಇದೇ ಯುಬ್ಲಾಕ್ ಒರಿಜಿನ್ ಹಾಕಬಹುದು. ಕಾಕಾ ಕಂಪ್ಯೂಟರ್‌ಗಿಂತ ಫೋನ್ ನೋಡೋದೇ ಜಾಸ್ತಿ. ಹೀಗಾಗಿ ಅವತ್ತೇ ಅದರಲ್ಲೂ ಹಾಕಿಕೊಟ್ಟು ಬಂದೆ.