ತಾಮ್ರ ನಲವತ್ತು ವರ್ಷ ಕಾಯಿತು

ಎಲ್ಲರಿಗೂ ನಮಸ್ಕಾರ. ವಿಜ್ಞಾನ ದಿನಕ್ಕೆ ಕರೆದಿದ್ದೀರಿ, ತುಂಬ ಸಂತೋಷ.

ಪೆಟ್ರೋಲಿಗೆ ಬೆರೆಸುವ ಎಥನಾಲ್ ನಿಮಗೆಲ್ಲ ಗೊತ್ತು. ಕಬ್ಬಿನ ಕಾಕಂಬಿಯಿಂದ ಬರುತ್ತದೆ, ಮಂಡ್ಯ-ಬೆಳಗಾವಿ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ನಾನು ಇವತ್ತು ಹೇಳುವುದು ಬೇರೆ ದಾರಿ. ಕಲ್ಲಿದ್ದಲೋ ಸೌದೆಯೋ ಒಂದನ್ನು ಅರೆಬರೆ ಸುಟ್ಟು ಗ್ಯಾಸ್ ಮಾಡಿ, ಆ ಗ್ಯಾಸನ್ನೇ ಆಲ್ಕೋಹಾಲ್ ಮಾಡುವುದು. ಆ ಗ್ಯಾಸಿನಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಒಂದು, ಹೈಡ್ರೋಜನ್ ಎರಡು, ಸೇರಿದರೆ ಮೆಥನಾಲ್, ಅಂದರೆ ಒಂದೇ ಕಾರ್ಬನ್ ಇರುವ ಆಲ್ಕೋಹಾಲ್. ಬೋರ್ಡಿನ ಮೇಲೆ ಒಂದೇ ಸಾಲು. ಆದರೆ ಕ್ಯಾಟಲಿಸ್ಟ್, ಅಂದರೆ ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು, ಇಲ್ಲದೆ ಅವೆರಡೂ ಒಂದನ್ನೊಂದು ಮುಟ್ಟುವುದಿಲ್ಲ.

ಹಾಗಾಗಿ ಎಲ್ಲರೂ ಕ್ಯಾಟಲಿಸ್ಟಿನ ಬಗ್ಗೆಯೇ ಮಾತಾಡುತ್ತಾರೆ. ನನ್ನ ಮಾತು ಒಂದೇ: ಮೊದಲು ಗ್ಯಾಸ್ ತೊಳೆಯಿರಿ.

ಒಂದು ಕಥೆ ಹೇಳುತ್ತೇನೆ, ನನಗೆ ಬಹಳ ಇಷ್ಟವಾದದ್ದು. ಜರ್ಮನಿಯ ಬಿಎಎಸ್‌ಎಫ್ ಕಂಪನಿ. ಅಲ್ಲಿ ಆಲ್ವಿನ್ ಮಿಟಾಷ್, ಆಮೇಲೆ ಮಥಿಯಾಸ್ ಪಿಯರ್ ಈ ಕೆಲಸಕ್ಕೆ ಕೂತರು. ಮೆಥನಾಲ್ ಬೇಕು ಅಂದರೆ ಮೀಥೇನ್ ಬರುತ್ತಿತ್ತು. ತಪ್ಪು ಕ್ಯಾಟಲಿಸ್ಟಿನದ್ದಲ್ಲ, ಉಕ್ಕಿನ ಪಾತ್ರೆಯದ್ದು! ಹೆಚ್ಚಿನ ಒತ್ತಡದಲ್ಲಿ ಕಾರ್ಬನ್ ಮೊನಾಕ್ಸೈಡ್ ಉಕ್ಕಿನ ಗೋಡೆಯಿಂದ ಕಬ್ಬಿಣವನ್ನು ಕಿತ್ತುಕೊಳ್ಳುತ್ತದೆ. ಐರನ್ ಕಾರ್ಬೊನಿಲ್ ಅನ್ನುವ ಆವಿಯಾಗಿ ಗ್ಯಾಸಿನ ಜೊತೆ ಹೊರಡುತ್ತದೆ. ಬಿಸಿ ಕ್ಯಾಟಲಿಸ್ಟ್ ಸಿಕ್ಕ ಕೂಡಲೇ ಒಡೆದು, ಕಬ್ಬಿಣವನ್ನು ಅಲ್ಲೇ ಕೂರಿಸುತ್ತದೆ. ಆ ಕಬ್ಬಿಣ ಮೀಥೇನ್ ಮಾಡುತ್ತದೆ, ಅದರಿಂದ ಶಾಖ ಏರುತ್ತದೆ, ಶಾಖ ಏರಿದರೆ ಇನ್ನೂ ಮೀಥೇನ್. ಹಂಡೆ ಹಾಲಿಗೆ ತೊಟ್ಟು ಹುಳಿ ಬಿದ್ದ ಹಾಗೆ. ಅವರು ಏನು ಮಾಡಿದರು ಗೊತ್ತಾ? ಪಾತ್ರೆಯ ಒಳಮೈಗೆ ತಾಮ್ರದ ಹೊದಿಕೆ ಹಾಕಿದರು. 1923ರಲ್ಲಿ ಲಾಯ್ನಾ ಊರಿನ ಕಾರ್ಖಾನೆಯಿಂದ ಮೆಥನಾಲ್ ಹೊರಬಂತು. ಅಲ್ಲಿಯವರೆಗೆ ಅದನ್ನು ಸೌದೆ ಬಟ್ಟಿ ಇಳಿಸಿ ತೆಗೆಯುತ್ತಿದ್ದರು.

ಅವರ ಕ್ಯಾಟಲಿಸ್ಟ್ ಸತು ಮತ್ತು ಕ್ರೋಮಿಯಂ ಆಕ್ಸೈಡ್. ಗಟ್ಟಿ ಪಿಂಡ, ಗಂಧಕ ಬಂದರೂ ತಡೆದುಕೊಳ್ಳುತ್ತಿತ್ತು. ಆದರೆ ಮಂದ. ಅದು ಚುರುಕಾಗಲು 300 ಡಿಗ್ರಿಯ ಮೇಲೆ ಬೇಕು. ಈ ಕ್ರಿಯೆಯೋ ಶಾಖ ಬಿಡುವಂಥದ್ದು, ಬಿಸಿ ಹೆಚ್ಚಾದಷ್ಟೂ ಮೆಥನಾಲ್ ಕಡಿಮೆ. ಆ ನಷ್ಟ ತುಂಬಲು 250-350 ಬಾರ್ ಒತ್ತಡ ಹಾಕಬೇಕಿತ್ತು; ಒಂದು ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ.

ತಾಮ್ರ ಇದಕ್ಕಿಂತ ಬಹಳ ಚುರುಕು ಅಂತ 1920ರ ದಶಕದಲ್ಲೇ ಗೊತ್ತಿತ್ತು. ಹಾಗಾದರೆ ಯಾಕೆ ಬಳಸಲಿಲ್ಲ? ಕಲ್ಲಿದ್ದಲಿನ ಗ್ಯಾಸಿನಲ್ಲಿ ಗಂಧಕ ಇತ್ತು. ತಾಮ್ರಕ್ಕೆ ಗಂಧಕ ವಿಷ. ಕೋಟಿಗೆ ಒಂದು ಪಾಲಿಗಿಂತ ಕೆಳಗೆ ಇಡಬೇಕು ಅನ್ನುತ್ತಾರೆ. ಕೋಟಿಗೆ ಒಂದು! ಹೀಗೆ ತಾಮ್ರ ನಲವತ್ತು ವರ್ಷ ಸುಮ್ನೆ ಕಾಯಿತು. 1966ರಲ್ಲಿ ಬ್ರಿಟನ್ನಿನ ಐಸಿಐ ಕಂಪನಿ ಕಚ್ಚಾ ತೈಲದಿಂದ ಸಿಗುವ ನ್ಯಾಫ್ತಾದಿಂದ ಶುದ್ಧ ಗ್ಯಾಸ್ ಮಾಡಿಕೊಂಡು, ತಾಮ್ರ, ಸತುವಿನ ಆಕ್ಸೈಡ್, ಅಲ್ಯುಮಿನಾ ಮೂರನ್ನೂ ಸೇರಿಸಿ ಓಡಿಸಿತು. ಸುಮಾರು 250 ಡಿಗ್ರಿ, 50 ಬಾರ್. ಹಳೆಯ ಕಾರ್ಖಾನೆಗಳು ಒಂದೊಂದೇ ಮುಚ್ಚಿದವು. ತಾಮ್ರ ಬದಲಾಗಿತ್ತಾ? ಗ್ಯಾಸ್ ಬದಲಾಗಿತ್ತು. ಮೊದಲು ಗ್ಯಾಸ್ ತೊಳೆಯಿರಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಈ ಕ್ಯಾಟಲಿಸ್ಟನ್ನು ಕೈಯಲ್ಲಿ ಹಿಡಿದು ನೋಡಬೇಕು ನೀವು. ಐದಾರು ಮಿಲಿಮೀಟರಿನ ಕಪ್ಪು ಗುಳಿಗೆ, ಬೆರಳಿಗೆ ಮಸಿ ಹತ್ತುತ್ತದೆ. ಬರುವಾಗ ಅದು ತಾಮ್ರದ ಆಕ್ಸೈಡ್. ನೈಟ್ರೋಜನ್ನಿನಲ್ಲಿ ಸ್ವಲ್ಪವೇ ಹೈಡ್ರೋಜನ್ ಬೆರೆಸಿ, ನಿಧಾನವಾಗಿ ಹಾಯಿಸಿ ತಾಮ್ರ ಮಾಡಬೇಕು. ಅವಸರ ಮಾಡಿದರೆ ಶಾಖ ಏರಿ ತಾಮ್ರದ ಸಣ್ಣ ಕಣಗಳು ಒಂದಕ್ಕೊಂದು ಅಂಟಿ ದಪ್ಪಗಾಗುತ್ತವೆ. ಆಮೇಲೆ ಆ ಚುರುಕು ವಾಪಸ್ ಬರಲ್ಲ. ತಯಾರಾದ ಮೇಲೆ ಗಾಳಿ ಸೋಕಿಸಿದರೆ ತಾನೇ ಕಾದು ಕೆಂಡವಾಗುತ್ತದೆ. ಲ್ಯಾಬಿನಲ್ಲಿ ಜೋಪಾನ, ಮಕ್ಕಳೇ.

ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಜಾಸ್ತಿ, ನೂರಕ್ಕೆ 30-40 ಪಾಲು. ಅದರಿಂದಲೂ ಹೈದರಾಬಾದಿನ ಬಿಎಚ್‌ಇಎಲ್ 2021ರಲ್ಲಿ ದಿನಕ್ಕೆ ಕಾಲು ಟನ್ ಮೆಥನಾಲ್ ಮಾಡುವ ಪ್ರಾಯೋಗಿಕ ಘಟಕ ನಡೆಸಿ ತೋರಿಸಿತು. ಇದು ಹೆಮ್ಮೆಯ ಕೆಲಸ. ಇನ್ನು ದೊಡ್ಡದು ಕಟ್ಟುವಾಗ ಬೂದಿ, ಟಾರು, ಗಂಧಕ ತೆಗೆಯುವ ಭಾಗಕ್ಕೆ ದುಡ್ಡು ಉಳಿಸಲು ಹೋಗಬಾರದು.

ಚೀಟಿ ಬಂತು, ಐದು ನಿಮಿಷ ಅಂತೆ. ಎಥನಾಲ್ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಅದಕ್ಕೆ ಎರಡು ಕಾರ್ಬನ್ ಜೋಡಿಸಬೇಕು. ಒಂದು ಕಾರ್ಬನ್ ಮೊನಾಕ್ಸೈಡ್ ಒಡೆಯಬೇಕು, ಇನ್ನೊಂದು ಇಡಿಯಾಗಿ ಬಂದು ಕೂಡಬೇಕು. ತಾಮ್ರ ಒಡೆಯುವುದಿಲ್ಲ. ಕಬ್ಬಿಣ, ಕೋಬಾಲ್ಟ್ ಬೇಕಾಬಿಟ್ಟಿ ಒಡೆದು ಹೈಡ್ರೋಕಾರ್ಬನ್ ಮಾಡಿಬಿಡುತ್ತವೆ. ರೋಡಿಯಂ ಎರಡೂ ಬಲ್ಲದು, ಆದರೆ ಅದರ ಬೆಲೆ ಯಾವ ಕಾರ್ಖಾನೆಗೂ ಕಟ್ಟುವುದಿಲ್ಲ. ತಾಮ್ರ-ಕೋಬಾಲ್ಟ್ ಜೋಡಿಯ ಕೆಲಸ ನಡೆದಿದೆ. ಪೊಟ್ಯಾಸಿಯಂ ಬೆರೆಸಿದ ಮಾಲಿಬ್ಡಿನಮ್ ಸಲ್ಫೈಡ್ ಗಂಧಕವನ್ನು ತಡೆದುಕೊಳ್ಳುತ್ತದೆ, ಆದರೆ ಬಗೆಬಗೆಯ ಆಲ್ಕೋಹಾಲ್ ಬೆರಕೆಯಾಗಿ ಬರುತ್ತದೆ, ಬೇರ್ಪಡಿಸುವ ಖರ್ಚು ಬೇರೆ.

ಹಾಗಾದರೆ ಗ್ಯಾಸ್ ತೊಳೆಯುವುದೇ ಬೇಡ ಅಲ್ವಾ ಸಾರ್ ಅಂತ ಯಾರೋ ಅಲ್ಲಿ ಹಿಂದಿನಿಂದ ಕೇಳುತ್ತಿದ್ದೀರಿ. ಒಳ್ಳೆ ಪ್ರಶ್ನೆ. ಬೂದಿ, ಟಾರು ಅದಕ್ಕೂ ಆಗುವುದಿಲ್ಲ. ಮೈಕ್ ಅವರಿಗೆ ಕೊಡಿ, ಅಲ್ಲಿಂದಲೇ ಮುಂದುವರಿಸೋಣ.